ಫಿಡಲ್ ಹೋಯ್ತು, ಫಿಡಲ್ ಬಂತು, ಅಷ್ಟೇನಾ?

"ಒಬ್ಬ ಫಿಡಲ್‌ನವ ಬಿಟ್ಟ, ಇನ್ನೊಬ್ಬ ಫಿಡಲ್‌ನವ ಬಂದ, ತಂಡ ಹಾಗೇ ಇದೆಯಲ್ಲ?" ಐರಿಷ್ ಸಾಂಪ್ರದಾಯಿಕ ಸಂಗೀತದ ವಿಷಯ ಬಂದಾಗ ಇವತ್ತು ಮತ್ತೆ ಅದೇ ಮಾತು. ಸುಟ್ಟುಹೋದ ಬಲ್ಬ್ ತೆಗೆದು ಹೊಸದು ಹಾಕಿದಷ್ಟು ಸಲೀಸು! ಒಬ್ಬರು ಬದಲಾದರೆ ತಂಡದ ನಾದವೇ ಬದಲಾಗುತ್ತೆ ಅನ್ನೋ ನನ್ನ ಈ ಗೋಳು ನಿಮಗೆ ಹೊಸದಲ್ಲ, ಗೊತ್ತು. ಇನ್ನೊಂದು ಸಲ ಸಹಿಸಿಕೊಳ್ಳಿ.

ಐರ್ಲೆಂಡಿನ ಬಾಥಿ ಬ್ಯಾಂಡ್ ಅನ್ನೋ ತಂಡವನ್ನೇ ತಗೊಳ್ಳಿ. 1975ರ ಮೊದಲ ಆಲ್ಬಮ್ಮಿನಲ್ಲಿ ಫಿಡಲ್ ಟಾಮಿ ಪೀಪಲ್ಸ್ ಅವರದು, 1976ರ ಎರಡನೆಯದರಲ್ಲಿ ಕೆವಿನ್ ಬರ್ಕ್ ಅವರದು. ಪೀಪಲ್ಸ್ ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್‌ನವರು. ಆ ಕಡೆಯ ರೂಢಿಯಲ್ಲಿ ಹೆಚ್ಚುಕಮ್ಮಿ ಸ್ವರಕ್ಕೊಂದು ಕಮಾನಿನ ಎಳೆತ, ನಡುವೆ ಮಣಿಕಟ್ಟಿನಿಂದಲೇ ಚಟಪಟ ಸಿಡಿಸುವ ಮೂರು ಸ್ವರ. ಬರ್ಕ್ ಹುಟ್ಟಿದ್ದು ಲಂಡನ್ನಿನಲ್ಲಾದರೂ ಕೈ ಐರ್ಲೆಂಡಿನ ಇನ್ನೊಂದು ಕೌಂಟಿ ಸ್ಲೈಗೋದ ಶೈಲಿಯದ್ದು: ಎರಡು ಮೂರು ಸ್ವರಗಳನ್ನು ಒಂದೇ ಎಳೆತದಲ್ಲಿ ಜಾರಿಸಿಬಿಡುತ್ತಾರೆ. ಪಕ್ಕದಲ್ಲಿ ಇಲ್ಲನ್ ಪೈಪ್ಸ್ (ತಿದಿಯಿಂದ ಗಾಳಿ ತುಂಬುವ ಐರಿಷ್ ಬ್ಯಾಗ್‌ಪೈಪ್), ಮರದ ಕೊಳಲು, ಎಲ್ಲರೂ ನುಡಿಸೋದು ಒಂದೇ ಧಾಟಿ. ಹಾಗಿರುವಾಗ ಕಮಾನು ಎಲ್ಲಿ ತಿರುಗುತ್ತೆ ಅನ್ನೋದೇ ಲಯದ ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋದನ್ನ ತೀರ್ಮಾನಿಸುತ್ತೆ. ಪೀಪಲ್ಸ್ ಪೈಪ್ಸಿನ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಬರ್ಕ್ ಕೊಳಲಿನೊಳಗೆ ಕರಗುತ್ತಾರೆ. ನನಗೆ ಜಗಳವೇ ಇಷ್ಟ. ಪಕ್ಷಪಾತ ಅಂತೀರಾ? ಅನ್ನಿ.

ಫಿಡಲ್‌ದು ಮಾತ್ರ ಅಲ್ಲ. 1979ರಲ್ಲಿ ಚೀಫ್ಟನ್ಸ್ ಅನ್ನೋ ಇನ್ನೊಂದು ಐರಿಷ್ ತಂಡದಿಂದ ಕೊಳಲಿನ ಮೈಕಲ್ ಟಬ್ರಿಡಿ ಹೋಗಿ ಮ್ಯಾಟ್ ಮಲಾಯ್ ಬಂದರು. ಲೆಕ್ಕಕ್ಕೆ ಕೊಳಲಿಗೆ ಕೊಳಲು ಸರಿಹೋಯ್ತು. ಆದರೆ ಟಬ್ರಿಡಿ ಕಾನ್ಸರ್ಟಿನಾ (ಕೈಯಲ್ಲಿ ಹಿಡಿದು ಒತ್ತುವ ಪುಟ್ಟ ತಿದಿವಾದ್ಯ) ಕೂಡ ನುಡಿಸುತ್ತಿದ್ದರು! ಅದರ ಲೆಕ್ಕ ಯಾರು ಕೊಡ್ತಾರೆ?

ಇನ್ನು 'ಸಿ' ಸ್ವರದ ರಗಳೆ. ಹಳೇ ಧಾಟಿಗಳಲ್ಲಿ ಸಿ ನ್ಯಾಚುರಲ್‌ಗೂ ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಸಿ ಶಾರ್ಪ್‌ಗೂ ನಡುವೆ ತೂಗಾಡುವ ಒಂದು ಸ್ವರ ಇದೆ. ಫಿಡಲ್‌ನಲ್ಲಿ ಬೆರಳು ಚೂರು ಸರಿಸಿದರೆ ಸಿಕ್ಕಿತು, ಕೊಳಲಿನಲ್ಲಿ ತೂತು ಅರ್ಧ ಮುಚ್ಚಿದರೆ ಸಿಕ್ಕಿತು. ಬಟನ್ ಅಕಾರ್ಡಿಯನ್‌ನವ ತಂಡಕ್ಕೆ ಸೇರಿದ ಅನ್ನಿ, ಅವನ ಗುಂಡಿಯಲ್ಲಿ ಇರೋದು ಇದು ಅಥವಾ ಅದು. ಪಾಪ, ಅವನ ತಪ್ಪೇನೂ ಇಲ್ಲ, ಒಳಗಿನ ರೀಡ್ (ಸ್ವರ ಹೊರಡಿಸುವ ಲೋಹದ ಪಟ್ಟಿ) ಬಗ್ಗಲ್ಲ. ಬಗ್ಗಬೇಕಾದವರು ಉಳಿದವರು, ಬಗ್ಗಿದ ಕೂಡಲೇ ಆ ಧಾಟಿಯ ಬಣ್ಣ ಹೋಯ್ತು.

ಗಿಟಾರ್ ಕಥೆಯೂ ಇದೇ. ಬಾಥಿಯ ಮೀಹಾಲ್ ಓ ಡೋನಲ್ ಗಿಟಾರಿನ ತಂತಿಗಳನ್ನು ಮಾಮೂಲಿ ಶ್ರುತಿ ಬಿಟ್ಟು ಡಿ-ಎ-ಡಿ-ಜಿ-ಎ-ಡಿಗೆ ಶ್ರುತಿ ಮಾಡುತ್ತಿದ್ದರು. ಅದರಲ್ಲಿ ಸಲೀಸಾಗಿ ಬರುವ, ಹಲವು ಸ್ವರ ಒಟ್ಟಿಗೆ ಮಿಡಿಯುವ ಎಷ್ಟೋ ಕಾರ್ಡ್‌ಗಳಲ್ಲಿ ಮೂರನೇ ಸ್ವರ ಇರೋದೇ ಇಲ್ಲ. ಮೇಜರೋ ಮೈನರೋ ಅನ್ನೋದು ಗೊತ್ತಾಗೋದೇ ಆ ಸ್ವರದಿಂದ; ಅದನ್ನ ಗಿಟಾರ್ ಹೇಳಲ್ಲ, ಧಾಟಿಗೇ ಬಿಡುತ್ತೆ. ಆ ಜಾಗಕ್ಕೆ ಮಾಮೂಲಿ ಶ್ರುತಿಯ ಗಿಟಾರಿನಲ್ಲಿ ತುಂಬು ಕಾರ್ಡ್ ಬಾರಿಸುವವನನ್ನು ಕೂರಿಸಿ ನೋಡಿ. ಪ್ರತಿ ಸಾಲಿಗೂ ಮೊಳೆ ಹೊಡೆದ ಹಾಗಿರುತ್ತೆ.

"ಹಾಗಾದರೆ ಕ್ಲೇರ್ ಕೌಂಟಿಯ ಕಿಲ್ಫೆನೋರಾ ಕೇಲಿ ಬ್ಯಾಂಡ್ 1909ರಿಂದ ನಡೀತಿಲ್ವಾ? ಮೊದಲಿದ್ದವರು ಒಬ್ಬರೂ ಇಲ್ಲವಲ್ಲ!" ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ಹೌದು ಸ್ವಾಮಿ. 1954ರಿಂದ 56ರವರೆಗೆ ಸತತ ಮೂರು ಸಲ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದರು, 1993ರಿಂದ 95ರವರೆಗೆ ಬೇರೆ ತಲೆಮಾರಿನವರು ಮತ್ತೆ ಮೂರು ಸಲ ಗೆದ್ದರು. ಆದರೆ ಕೇಲಿ ಬ್ಯಾಂಡ್ ಅಂದರೆ ಕುಣಿಯುವವರಿಗೆ ನುಡಿಸುವ ದೊಡ್ಡ ತಂಡ. ಫಿಡಲ್ಲೇ ಮೂರ್ನಾಲ್ಕು, ಕೆಳಗೆ ಪಿಯಾನೋ, ಡ್ರಮ್. ಒಬ್ಬ ಹೊಸಬ ಬಂದರೆ ಉಳಿದವರ ಮಧ್ಯೆ ತಾನೇ ಹದಕ್ಕೆ ಬೀಳುತ್ತಾನೆ. ಬರೋರೂ ಬಹುಪಾಲು ಅದೇ ಕ್ಲೇರ್ ಕೌಂಟಿಯಲ್ಲಿ ಕೈ ಕುದುರಿಸಿಕೊಂಡವರು. ಐದಾರು ಜನರ ತಂಡಕ್ಕೆ ಈ ಐಷಾರಾಮ ಎಲ್ಲಿ?

ಹೊಸಬರನ್ನ ಸೇರಿಸುವ ಮುಂಚೆ ಮಾಡಬೇಕಾದ್ದು ಇಷ್ಟೇ: ಒಂದು ರೀಲ್ (ಕುಣಿತದ ಚುರುಕು ಧಾಟಿ) ಕೊಟ್ಟು, ಎಂಟೆಂಟು ಬಾರ್‌ಗಳ (ತಾಳದ ಆವರ್ತಗಳ) ಎರಡು ಭಾಗಗಳನ್ನೂ ಎರಡೆರಡು ಸಲದಂತೆ, ಪೂರ್ತಿ ಮೂರು ಸುತ್ತು ಜೊತೆಗೆ ನುಡಿಸಿ. ಮೊದಲ ಸುತ್ತಿನಲ್ಲಿ ಯಾರಾದರೂ ಚೆನ್ನಾಗಿಯೇ ನುಡಿಸುತ್ತಾರೆ. ಎರಡನೇದರಲ್ಲಿ ಅವರು ಕಲಿತ ಎರಡನೇ ಭಾಗದ ಪಾಠಾಂತರ ನಿಮ್ಮದಕ್ಕೆ ಎಲ್ಲಿ ಡಿಕ್ಕಿ ಹೊಡೆಯುತ್ತೆ ಗೊತ್ತಾಗುತ್ತೆ. ಮೂರನೇದರಲ್ಲಿ ಅವರು ಪಕ್ಕದವರದ್ದು ಕೇಳಿಸಿಕೊಂಡು ಕಮಾನಿನ ಎಳೆತ ಬದಲಿಸಿದರಾ ಇಲ್ಲವಾ, ಅದನ್ನ ನೋಡಿ. ಬದಲಿಸದಿದ್ದರೆ ಕಾಫಿ ಕೊಟ್ಟು ಕಳಿಸಿ.