624 ಮತ್ತು 625ರ ನಡುವೆ ಪ್ರೇಮ

ಅಮೆರಿಕದ ಹೈಸ್ಕೂಲು ಪ್ರೇಮಕಾದಂಬರಿಗಳಲ್ಲಿ ಈಗ ಬಿಸಿ ದೋಸೆಯಂತೆ ಖರ್ಚಾಗುವ ಮಾಲೊಂದಿದೆ. ತರಗತಿಯ ಮೊದಲನೆಯವಳಿಗೂ ಎರಡನೆಯವನಿಗೂ ಹಾವು-ಮುಂಗುಸಿ ವೈರ, ಮುನ್ನೂರನೇ ಪುಟದ ಹೊತ್ತಿಗೆ ಮುತ್ತು. ಬೇಕಾಗುವ ಸಾಮಗ್ರಿ: ಓದಿನಲ್ಲಿ ಎಲ್ಲರಿಗಿಂತ ಮೊದಲಿಗರಿಗೆ ಸಿಗುವ ವ್ಯಾಲೆಡಿಕ್ಟೋರಿಯನ್ ಎಂಬ ಒಂದೇ ಒಂದು ಪಟ್ಟ, ಅದಕ್ಕೆ ಇಬ್ಬರು ವಾರಸುದಾರರು, ಜಿಪಿಎ ಎಂಬ ಗ್ರೇಡುಗಳ ಸರಾಸರಿಯಲ್ಲಿ ದಶಾಂಶದಾಚೆ ಎರಡನೇ ಮನೆಯಷ್ಟು ಅಂತರ, ಇಬ್ಬರನ್ನೂ ಒಂದೇ ಪ್ರಾಜೆಕ್ಟಿಗೆ ಕಟ್ಟಿಹಾಕುವ ಮಾಸ್ತರು, ರಾತ್ರಿಯೂ ತೆರೆದಿರುವ ಲೈಬ್ರರಿ, ಹೊರಗೆ ಮಳೆ. ಕನ್ನಡದಲ್ಲೂ ಇಂಥದ್ದೊಂದು ಬರೆಯಲು ಹೊರಟಿರುವ ಎಳೆಯ ಲೇಖಕರ ಗಮನಕ್ಕೆ: ಮಳೆಯೊಂದನ್ನು ಬಿಟ್ಟು ಬೇರೇನೂ ನಮ್ಮಲ್ಲಿ ದಾಸ್ತಾನಿಲ್ಲ.

ಮೊದಲ ತೊಡಕು, ಕಥೆ ಯಾವ ಇಸವಿಯಲ್ಲಿ ನಡೆಯಬೇಕು ಎನ್ನುವುದು. 2021ರಲ್ಲಿಟ್ಟರೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಪಡೆದವರೇ 157 ಮಂದಿ. ಕೋವಿಡ್ ಕಾಲ, ಓಎಂಆರ್ ಹಾಳೆಯಲ್ಲಿ ಗುಂಡು ತುಂಬುವ ಪರೀಕ್ಷೆ. 157 ವೈರಿಗಳನ್ನು ಪರಿಚಯಿಸುವಷ್ಟರಲ್ಲಿ ಮುನ್ನೂರು ಪುಟ ಮುಗಿದಿರುತ್ತದೆ. 2022ರಲ್ಲಿ 145. 2023ರಲ್ಲಿ ನಾಲ್ವರು, ಪರವಾಗಿಲ್ಲ, ಎರಡು ಜೋಡಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, 625 ಒಬ್ಬರಿಗೇ ಬಂತು. ಪ್ರೇಮಕ್ಕೆ ಕನಿಷ್ಠ ಇಬ್ಬರು ಬೇಕು. 2025ರ ಮೊದಲ ಪರೀಕ್ಷೆಯಲ್ಲಿ 22, ಅಂದರೆ ಕ್ರಿಕೆಟ್ಟಿಗೆ ಸರಿಯಾಗಿ ಎರಡು ತಂಡ. ಅದು ಕ್ರೀಡಾ ಕಾದಂಬರಿಯಾಗುತ್ತದೆ.

ಸರಿ, ಅವಳಿಗೆ 625, ಅವನಿಗೆ 624 ಎಂದೇ ಇಟ್ಟುಕೊಳ್ಳಿ. ಕಳೆದುಹೋದ ಆ ಒಂದು ಅಂಕ ಎಲ್ಲಿತ್ತು? ಒಟ್ಟು ಅಂಕಗಳಲ್ಲಿ 125 ಶಾಲೆಯವರೇ ಹಾಕುವ ಆಂತರಿಕ ಅಂಕ, ಅದನ್ನು ಕಳೆದುಕೊಳ್ಳುವ ಧೈರ್ಯ ಯಾವ ಶಾಲೆಗಿದೆ? ಹಾಗಾಗಿ ಅದು ಹೋಗಿರುವುದು ಬರವಣಿಗೆಯ 500ರಲ್ಲಿ. ಅಮೆರಿಕದ ನಾಯಕನಾದರೆ ಕಿಟಕಿಯಾಚೆ ನೋಡುತ್ತಾ ಎರಡು ಅಧ್ಯಾಯ ಕೊರಗುತ್ತಾನೆ. ನಮ್ಮವನ ಅಪ್ಪ ಆ ಮಧ್ಯಾಹ್ನವೇ ಉತ್ತರ ಪತ್ರಿಕೆಯ ನಕಲಿಗೆ ಅರ್ಜಿ ಹಾಕಿ, ಕೀ ಉತ್ತರದ ಪಕ್ಕ ಇಟ್ಟು, ಮರುಮೌಲ್ಯಮಾಪನಕ್ಕೆ ಹಣ ಕಟ್ಟುತ್ತಾನೆ. ತಿಂಗಳೊಳಗೆ ಮಗನಿಗೂ 625. ವೈರ ಮುಗಿಯಿತು, ಕಥೆಯೂ ಮುಗಿಯಿತು. ಅಷ್ಟಕ್ಕೂ ನಮ್ಮ ಹುಡುಗನ ಎದುರಾಳಿ ಆ ಹುಡುಗಿಯಲ್ಲವೇ ಅಲ್ಲ, ಕೀ ಉತ್ತರ. ಇದನ್ನು ಅರಿಯದೆ ಪೆನ್ನು ಹಿಡಿದವರೆಲ್ಲ ಐದನೇ ಅಧ್ಯಾಯದಲ್ಲಿ ಸಿಕ್ಕಿಬೀಳುತ್ತಾರೆ.

ಪಿಯುಸಿಗೆ ಬನ್ನಿ. ಅಮೆರಿಕದ ಶಾಲೆಗಳಲ್ಲೂ ಲೆಕ್ಕಾಚಾರ ಕಡಿಮೆಯೇನಿಲ್ಲ. ಎಷ್ಟೋ ಕಡೆ ಮಾಮೂಲಿ ಪಾಠದ ಎ ಗ್ರೇಡಿಗೆ 4, ಎಪಿ ಎಂಬ ಕಠಿಣ ಪಾಠದ ಎ ಗ್ರೇಡಿಗೆ 5. ಆದ್ದರಿಂದ ಪಟ್ಟದ ಆಸೆಯವರು ಪಿಟೀಲು ಬಿಡುತ್ತಾರೆ. ಸಂಗೀತದಲ್ಲಿ ಎ ಬಂದರೂ ಸರಾಸರಿ ಇಳಿಯುತ್ತದಲ್ಲ! ನಮ್ಮವರು ತದ್ವಿರುದ್ಧ, ಅಂಕಕ್ಕಾಗಿ ಕಾಳಿದಾಸನನ್ನೇ ಹಿಡಿಯುತ್ತಾರೆ. ಸಂಸ್ಕೃತ ತೆಗೆದುಕೊಂಡರೆ ನೂರಕ್ಕೆ ನೂರು ಎಂಬುದು ಲೋಕಪ್ರಸಿದ್ಧ, ಎಷ್ಟೋ ಉತ್ತರಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದರೂ ನಡೆಯುತ್ತದೆ. ಹೀಗೆ ಶೃಂಗಾರದ ಭಾಷೆಯಲ್ಲಿ ನೂರು ತೆಗೆದ ನಾಯಕ, ಆ ಭಾಷೆಯಲ್ಲಿ ಒಂದು ಸಾಲು ಪ್ರೇಮಪತ್ರ ಬರೆಯಲಾರ.

ಇನ್ನು ಇಬ್ಬರೂ ಭೇಟಿಯಾಗುವ ಜಾಗ. ವಸತಿ ಪಿಯು ಕಾಲೇಜುಗಳಲ್ಲಿ ಹುಡುಗರ ಸಾಲು ಬೇರೆ, ಹುಡುಗಿಯರದ್ದು ಬೇರೆ, ನಡುವೆ ಓಡಾಡುವ ಮೇಷ್ಟ್ರು, ಮೇಲೆ ಸಿಸಿಟಿವಿ. ಭಾನುವಾರ ಟೆಸ್ಟು, ಮೊಬೈಲು ವಾರ್ಡನ್ ಬೀರುವಿನಲ್ಲಿ. ಜೋಡಿ ಪ್ರಾಜೆಕ್ಟಿನ ಆಸೆಯೂ ಬೇಡ. ಇಬ್ಬರ ಅಸೈನ್‌ಮೆಂಟೂ ಒಂದೇ ಜೆರಾಕ್ಸ್ ಅಂಗಡಿಯಿಂದ ಬರುತ್ತದೆ, ಅಕ್ಷರದೋಷ ಸಮೇತ.

ಉಳಿಯುವುದು ಕೆಮಿಸ್ಟ್ರಿ ಲ್ಯಾಬು. ಕಾದಂಬರಿಕಾರರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು. ಬ್ಯೂರೆಟ್ಟು ಎಂಬ ಅಳತೆಗೆರೆಯ ಗಾಜಿನ ನಳಿಗೆಯಲ್ಲಿ ನೇರಳೆ ಪರ್ಮಾಂಗನೇಟು, ಕೆಳಗೆ ಶಂಕುವಿನಾಕಾರದ ಫ್ಲಾಸ್ಕಿನಲ್ಲಿ 10 ಮಿಲಿಲೀಟರ್ ಆಕ್ಸಾಲಿಕ್ ಆಮ್ಲ, ಜೊತೆಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. 60 ಡಿಗ್ರಿಗೆ ಬಿಸಿ ಮಾಡಿ ಹನಿಹನಿಯಾಗಿ ಬಿಡಬೇಕು. ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ, ಗಾಬರಿಯಾಗಬಾರದು. ಆಮ್ಲ ಸಾಲದಿದ್ದರೆ ಕಂದು ಕದಡು ಬಂದು ಕೆಟ್ಟುಹೋಗುತ್ತದೆ. ಎಲ್ಲ ಸರಿಯಾದರೆ ಒಂದೇ ಒಂದು ಹನಿಗೆ ತೆಳು ಗುಲಾಬಿ ಮೂಡಿ ಹಾಗೇ ನಿಲ್ಲುತ್ತದೆ. ಇಡೀ ಪಠ್ಯಕ್ರಮದಲ್ಲಿ ಇಷ್ಟು ನಾಚಿಕೊಳ್ಳುವ ವಸ್ತು ಇನ್ನೊಂದಿಲ್ಲ. ಅದೇ ಗಳಿಗೆಯಲ್ಲಿ ಅವಳು ಅವನತ್ತ ಬಾಗಿ, ಎರಡು ವರ್ಷದಲ್ಲಿ ಮೊದಲ ಬಾರಿಗೆ ಪಿಸುಗುಡುತ್ತಾಳೆ: "ನಿಂಗೆಷ್ಟು ಬಂತು?"

"9.6."

ಗುಲಾಬಿ ಮೂಡುವಷ್ಟರಲ್ಲಿ ಬ್ಯೂರೆಟ್ಟಿನಿಂದ ಇಳಿದ ಮಿಲಿಲೀಟರಿನ ಲೆಕ್ಕವದು. ಅವಳಿಗೆ 10.1 ಬಂದಿರುತ್ತದೆ. ರಬ್ಬರು ತೆಗೆದು ಅಳಿಸಿ 9.6 ಎಂದು ಬರೆದುಕೊಳ್ಳುತ್ತಾಳೆ. ನಮ್ಮ ಸಾಹಿತ್ಯದಲ್ಲಿ ಇದನ್ನು ಸಮರ್ಪಣೆ ಎಂದು ಓದಿಕೊಳ್ಳಬೇಕು.

ಕ್ಲೈಮ್ಯಾಕ್ಸನ್ನು ಪ್ರವೇಶ ಪರೀಕ್ಷೆಗಳ ಮೇಲೆ ಕಟ್ಟಬೇಡಿ, ಕುಸಿಯುತ್ತದೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವು ಎಂದು 50 ಪ್ರಶ್ನೆಗಳನ್ನೇ ಕೈಬಿಟ್ಟರು. ಅದೇ ವರ್ಷದ ನೀಟ್‌ನಲ್ಲಿ ಮೊದಲು 67 ಮಂದಿ 720ಕ್ಕೆ 720. ಫಿಸಿಕ್ಸಿನ ಒಂದು ಪ್ರಶ್ನೆಗೆ ಎರಡು ಉತ್ತರ ಸರಿ ಎಂದದ್ದು ಆಮೇಲೆ ಒಂದೇ ಸರಿ ಎಂದಾಗಿ, ಪರಿಷ್ಕರಣೆಗಳೆಲ್ಲ ಮುಗಿದಾಗ ಉಳಿದವರು 17. ನಾಯಕಿ ಶಿಖರದಿಂದ ಬಿದ್ದಳು ಎಂದು ಬರೆಯುವ ಹಾಗಿಲ್ಲ. ಅವಳು ಊಟ ಮಾಡುತ್ತಾ ಕೂತಿದ್ದಳು, ಶಿಖರವೇ ಜರುಗಿತು.

ಇಬ್ಬರೂ ನಿಜವಾಗಿ ಹತ್ತಿರ ಬರುವುದು ಫಲಿತಾಂಶದ ಮಾರನೇ ದಿನ, ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿ. ಎಡಕ್ಕೆ ಅವಳು, ಬಲಕ್ಕೆ ಅವನು, ನಡುವೆ ಇಬ್ಬರಿಗಿಂತ ದೊಡ್ಡದಾಗಿ ಸಂಸ್ಥಾಪಕರು. ಎದುರು ಕಂಬದಲ್ಲಿ ಕೋಚಿಂಗ್ ಸೆಂಟರಿನ ಇನ್ನೊಂದು ಫ್ಲೆಕ್ಸ್, ಅಲ್ಲೂ ಅದೇ ಜೋಡಿ, ಅದೇ ಪಾಸ್‌ಪೋರ್ಟ್ ಸೈಜಿನ ಗಾಬರಿಯ ಮುಖ. ಜೂನ್ ಬಂದು ಹೊಸ ಅಡ್ಮಿಶನ್ ಮುಗಿದ ಮೇಲೆ ಫ್ಲೆಕ್ಸ್ ಇಳಿದು ಎಳನೀರಿನ ಗಾಡಿಯ ಹೊದಿಕೆಯಾಗುತ್ತದೆ. ಮಳೆ ಶುರುವಾದಾಗ ಗಾಡಿಯವನು ಅದನ್ನು ಸಂಸ್ಥಾಪಕರ ಮೂಗಿನ ನೇರಕ್ಕೆ ಒಳಮಡಿಕೆ ಹಾಕಿ ಎಳೆದು ಕಟ್ಟುತ್ತಾನೆ. ಸಂಸ್ಥಾಪಕರು ಮಡಿಕೆಯೊಳಗೆ ಹೋಗುತ್ತಾರೆ, ಅವಳ ಎಡಗೆನ್ನೆ ಅವನ ಬಲಗೆನ್ನೆಗೆ ತಾಗುತ್ತದೆ.