ಸತ್ಯಾಂಶ: ತಿನ್ನುವ ಎಸೆನ್ಸ್ ಉಸಿರಾಡಲು ಸುರಕ್ಷಿತವೇ?

ಶಿವಮೊಗ್ಗ, ತೀರ್ಥಹಳ್ಳಿ ಕಡೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕೇಕ್ ಎಸೆನ್ಸ್, ನಮ್ಮ ಮಲೆನಾಡಿನ ಏಲಕ್ಕಿ ಎಣ್ಣೆ ಬೆರೆಸಿ ಮನೆಯಲ್ಲೇ ವೇಪ್ ದ್ರವ ಮಾಡಿ. ತಿನ್ನುವ ಪದಾರ್ಥ, ಅಪಾಯವಿಲ್ಲ.’ ವೇಪ್ ಅಂದರೆ ದ್ರವವನ್ನು ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟ್. ಈ ಸಂದೇಶ ತಪ್ಪು.

ತಿಂದದ್ದನ್ನು ಹೊಟ್ಟೆ ಅರಗಿಸುತ್ತದೆ. ಶ್ವಾಸಕೋಶಕ್ಕೆ ಆ ಶಕ್ತಿ ಇಲ್ಲ, ಅಲ್ವಾ? ಎಣ್ಣೆಯ ಹನಿ ಅಲ್ಲಿ ಕೂತರೆ ಒಂದು ಬಗೆಯ ನ್ಯುಮೋನಿಯಾ ಬರಬಹುದು. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್ ಅನ್ನೇ ನೋಡಿ. ತಿಂಡಿಗೆ ಹಾಕಲು ಅದಕ್ಕೆ ಒಪ್ಪಿಗೆ ಇದೆ. ಆದರೆ ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕೆಲಸಗಾರರು ಅದರ ಆವಿ ಉಸಿರಾಡಿ, ಸಣ್ಣ ಶ್ವಾಸನಾಳಗಳು ಕಟ್ಟಿಕೊಳ್ಳುವ ಕಾಯಿಲೆಗೆ ಬಿದ್ದರು. 2000ದಲ್ಲಿ ಇದು ಬೆಳಕಿಗೆ ಬಂತು. ಆ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

2019ರಿಂದ ಭಾರತದಲ್ಲಿ ಇ-ಸಿಗರೇಟ್ ತಯಾರಿಕೆ, ಮಾರಾಟ ನಿಷೇಧವಾಗಿದೆ. ಸುಮ್ನೆ ಒಮ್ಮೆ ಎಳೆದು ನೋಡಿದ ಮಕ್ಕಳಿಗೆ ಕೆಮ್ಮು, ಉಬ್ಬಸ ಬಂದರೆ ಬೈಯಬೇಡಿ. ಎಳೆದದ್ದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ.