ಸ್ಕೂಟರ್ ಬೇಕಾದರೆ ಬ್ರಹ್ಮನ ನೂರು ಹಗಲು

2025ರ ಮಾರ್ಚ್‌ನಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಬಳಗಕ್ಕೆ ಒಂದು ಐಡಿಯಾ ಹೊಳೆಯಿತು. ಬಳಗಕ್ಕೆ ಐಡಿಯಾ ಹೊಳೆದಾಗಲೆಲ್ಲ ರಸೀದಿ ಪುಸ್ತಕ ನನ್ನ ಕೈಗೆ ಬರುತ್ತದೆ. ಹಾಗಾಗಿ ಚೆನ್ನಾಗಿ ನೆನಪಿದೆ.

ಐಡಿಯಾ ಇಷ್ಟೇ. ಐಪಿಎಲ್ ಶುರುವಾಗುವ ಮೊದಲೇ ಯಾವ ಮ್ಯಾಚ್ ಯಾರು ಗೆಲ್ಲುತ್ತಾರೆ ಅಂತ ಬರೆದು ಕೊಡಬೇಕು. ಫಾರಂಗೆ 50 ರೂಪಾಯಿ. ಎಲ್ಲ ಸರಿಯಾದರೆ ಸ್ಕೂಟರ್. ಒಟ್ಟು ಮ್ಯಾಚ್ 74. ಕೊನೆಯ ನಾಲ್ಕರಲ್ಲಿ ಯಾರು ಆಡುತ್ತಾರೆ ಅನ್ನುವುದೇ ಮೊದಲು ಗೊತ್ತಿರುವುದಿಲ್ಲವಲ್ಲ, ಆ ನಾಲ್ಕನ್ನು ಕಮಿಟಿ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿತು. ಬರೀ 70 ಸರಿ ಹೇಳಿದರೆ ಸಾಕು.

ಮೀಟಿಂಗ್ ಮೂರು ಗಂಟೆ ನಡೆಯಿತು. ಇದನ್ನು ಯಾರಾದರೂ ಗೆಲ್ಲಲು ಸಾಧ್ಯವಾ ಅಂತ ಒಬ್ಬರೂ ಕೇಳಲಿಲ್ಲ. ಇಬ್ಬರು ಗೆದ್ದರೆ ಏನು ಗತಿ ಅನ್ನುವುದೇ ಎಲ್ಲರ ಚಿಂತೆ.

"ಸ್ಕೂಟರ್ ಕೊಯ್ದು ಹಂಚೋಕಾಗುತ್ತಾ?" ಅಂದರು ಖಜಾಂಚಿ ರಾಯರು.

"ಹತ್ತು ಜನಕ್ಕೆ ಬಂದ್ರೆ ಬಳಗ ಮುಳುಗಿಯೇ ಹೋಗ್ತದೆ ಮಾರಾಯ್ರೆ" ಅಂದರು ಹೋಟೆಲ್ ಶೆಟ್ರು.

ಅಲ್ಲಿಗೆ ನಿಯಮಗಳು ಹುಟ್ಟಿಕೊಂಡವು. ಕಮಿಟಿಯವರ ಮನೆಮಂದಿ ಭಾಗವಹಿಸುವಂತಿಲ್ಲ. ಗೆದ್ದವರು ಹೆಚ್ಚಾದರೆ ಚೀಟಿ ಎತ್ತುವುದು. ಹೆಲ್ಮೆಟ್ ಬಹುಮಾನದಲ್ಲಿ ಸೇರಿಲ್ಲ. ಈ ಹೆಲ್ಮೆಟ್ ವಿಷಯಕ್ಕೇ ಇಪ್ಪತ್ತು ನಿಮಿಷ ಹೋಯಿತು.

ಇದು ಜೂಜು ಆಗುವುದಿಲ್ಲವಾ ಅಂತ ಮೆಲ್ಲಗೆ ಕೇಳಿದವರು ಹಿಂದಿನ ಸಾಲಿನ ಹಿರಿಯರು. ಅವರು ಹಳೆಯ ಮುಂಬೈ ಕಂಡವರು. ನ್ಯೂಯಾರ್ಕ್‌ನಲ್ಲಿ ಹತ್ತಿಯ ದರ ಎಷ್ಟಕ್ಕೆ ಓಪನ್, ಎಷ್ಟಕ್ಕೆ ಕ್ಲೋಸ್ ಅಂತ ಇಲ್ಲಿ ಕೂತು ದುಡ್ಡು ಕಟ್ಟುತ್ತಿದ್ದ ಊರು ಇದು. ಊರ ಕಡೆ ನಾವು ಓಸಿ ಅನ್ನುತ್ತೇವಲ್ಲ, ಅದೇ. ಕಾರ್ಯದರ್ಶಿಗಳು ತಕ್ಷಣ ದಾರಿ ಕಂಡುಹಿಡಿದರು. ಫಾರಂ ಮೇಲೆ "ಕ್ರೀಡಾಜ್ಞಾನ ಸ್ಪರ್ಧೆ" ಅಂತ ಅಚ್ಚಾಯಿತು. ಐವತ್ತು ರೂಪಾಯಿ ದೇಣಿಗೆ ಆಯಿತು.

ನಾನು ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಮ್ಯಾಚಿಗೆ ಎರಡು ದಾರಿ. ಎರಡು ಮ್ಯಾಚಿಗೆ ನಾಲ್ಕು. ಮೂರಕ್ಕೆ ಎಂಟು. ಹೀಗೇ ಎಪ್ಪತ್ತು ಸಲ ಇಮ್ಮಡಿ ಮಾಡುತ್ತಾ ಹೋದರೆ 22 ಅಂಕಿಯ ಸಂಖ್ಯೆ ಬರುತ್ತದೆ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಇನ್ನೊಮ್ಮೆ ಕೋಟಿಯಿಂದ ಗುಣಿಸಿ. ಅದಕ್ಕಿಂತಲೂ ತುಸು ಜಾಸ್ತಿಯೇ. ಅಷ್ಟು ಬಗೆಯ ಫಾರಂಗಳಲ್ಲಿ ಒಂದೇ ಒಂದು ಸರಿ.

ಮುಂಬೈ ಲೋಕಲ್‌ನಲ್ಲಿ ದಿನಕ್ಕೆ 75 ಲಕ್ಷ ಜನ ಓಡಾಡುತ್ತಾರೆ ಅಂತಿಟ್ಟುಕೊಳ್ಳಿ. ಅಷ್ಟೂ ಜನ ದಿನಾ ಒಂದೊಂದು ಫಾರಂ ತುಂಬಲಿ, ಒಬ್ಬರದ್ದು ಒಬ್ಬರಿಗೆ ಹೊಂದದಂತೆ. ಎಲ್ಲ ಬಗೆಯನ್ನೂ ಬರೆದು ಮುಗಿಸಲು 43 ಸಾವಿರ ಕೋಟಿ ವರ್ಷ ಬೇಕು. ನಮ್ಮ ಪುರಾಣದ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲು ಅಂದರೆ 432 ಕೋಟಿ ವರ್ಷ. ಹೆಚ್ಚುಕಡಿಮೆ ನೂರು ಹಗಲು ಆಯಿತು. ಅಷ್ಟರೊಳಗೆ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಕೂರಲು ಸೀಟೂ ಸಿಕ್ಕೀತು.

ಇದನ್ನು ರಾಯರಿಗೆ ಫೋನ್ ಮಾಡಿ ಹೇಳಿದೆ. "ಅದು ಸುಮ್ನೆ ನಾಣ್ಯ ಚಿಮ್ಮೋರ ಲೆಕ್ಕ. ನಮ್ಮವರು ಕ್ರಿಕೆಟ್ ಅರೆದು ಕುಡಿದವರು" ಅಂದರು. ಸರಿ, ಹತ್ತರಲ್ಲಿ ಏಳು ಸರಿ ಹೇಳುವ ಮಹಾಜ್ಞಾನಿ ಒಬ್ಬ ಇದ್ದಾನೆ ಅನ್ನೋಣ. ಅವನಿಗೂ ಎಪ್ಪತ್ತಕ್ಕೆ ಎಪ್ಪತ್ತು ಬರುವ ಸಾಧ್ಯತೆ 7,000 ಕೋಟಿಯಲ್ಲಿ ಒಂದು. ಲೋಕದಲ್ಲಿರುವ ಜನವೇ 800 ಕೋಟಿ ಚಿಲ್ಲರೆ. ಇದರಲ್ಲಿ ಮಳೆಯ ಲೆಕ್ಕ ಸೇರಿಸಿಲ್ಲ.

"ಆದರೂ ಒಂದು ಹುಷಾರಿ ಇರಲಿ" ಅಂತ ರಾಯರು ಫೋನ್ ಇಟ್ಟರು.

ಅಮೆರಿಕದಲ್ಲಿ ವಾರನ್ ಬಫೆಟ್ ಅನ್ನುವ ಹಣವಂತರಿದ್ದಾರಲ್ಲ, ಅವರಿಗೆ ಈ ಚಿಂತೆ ಇರಲಿಲ್ಲ. ಅಲ್ಲಿ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಟೂರ್ನಿಯಲ್ಲಿ 63 ಪಂದ್ಯ ಊಹಿಸುವ ಹುಚ್ಚು ಪ್ರತಿ ಮಾರ್ಚ್‌ನಲ್ಲೂ ಏಳುತ್ತದೆ. ಎಲ್ಲ ಸರಿ ಹೇಳಿದರೆ ನೂರು ಕೋಟಿ ಡಾಲರ್ ಅಂತ 2014ರಲ್ಲಿ ಒಂದು ಕಂಪನಿ ಸಾರಿತು. ಅದಕ್ಕೆ ಬೆನ್ನಿಗೆ ನಿಂತವರು ಇವರು. ಒಂದು ಡಾಲರೂ ಜೇಬಿನಿಂದ ಹೋಗಲಿಲ್ಲ. 2019ರಲ್ಲಿ ಒಹಾಯೊದ ಒಬ್ಬರು ಮೊದಲ 49 ಪಂದ್ಯ ಸರಿಯಾಗಿ ಹೇಳಿ ಹೆಸರಾದರು. ಐವತ್ತನೆಯದು ಕೈಕೊಟ್ಟಿತು. ಅವರು ಫಾರಂ ತುಂಬಿದ್ದು ಹುಷಾರಿಲ್ಲದೆ ಮನೆಯಲ್ಲಿ ಮಲಗಿದ್ದಾಗ. ಟಿವಿ ಪಂಡಿತರು ದಯವಿಟ್ಟು ಗಮನಿಸಿ.

ನಮ್ಮ ಬಳಗಕ್ಕೆ 212 ಫಾರಂ ಬಂದವು. 10,600 ರೂಪಾಯಿ ಜಮಾ. ಮೊದಲ ಪೆಟ್ಟು ಕೊಟ್ಟದ್ದು ಊರಪ್ರೇಮ. ಮುಂಬೈ ತಂಡ 2013ರಿಂದ ಒಂದು ವರ್ಷವೂ ತನ್ನ ಮೊದಲ ಮ್ಯಾಚ್ ಗೆದ್ದಿರಲಿಲ್ಲ. ಐದು ಸಲ ಕಪ್ ಎತ್ತಿದ ತಂಡ, ಆದರೆ ಮೊದಲ ಮ್ಯಾಚ್ ಮಾತ್ರ ದೇವರಿಗೆ ಬಿಟ್ಟದ್ದು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನೂರಾರು ಜನ ಮುಂಬೈ ಅಂತಲೇ ಬರೆದರು. ಚೆನ್ನೈ ಗೆದ್ದಿತು. ಮರುದಿನ ಡೆಲ್ಲಿಯವರು ಒಂದೇ ಒಂದು ವಿಕೆಟ್ ಉಳಿಸಿಕೊಂಡು ಲಖನೌ ಮೇಲೆ ಗೆದ್ದರು. ಇನ್ನೊಂದಿಷ್ಟು ಫಾರಂ ಖಲಾಸ್.

ಏಳು ಮ್ಯಾಚ್ ಮುಗಿದಾಗ ಉಳಿದಿದ್ದು ಮೂರು. ಮೂವರೂ ಅಂಕಿಅಂಶ ಬಲ್ಲವರು. ಎಂಟನೇ ಮ್ಯಾಚ್ ಚೆನ್ನೈ ತಂಡದ ತವರು ಮೈದಾನ ಚೆಪಾಕ್‌ನಲ್ಲಿ, ಚೆನ್ನೈಗೂ ಆರ್‌ಸಿಬಿಗೂ. ಅಲ್ಲಿ ಆರ್‌ಸಿಬಿ ಚೆನ್ನೈಯನ್ನು ಸೋಲಿಸಿದ್ದು 2008ರಲ್ಲಿ, ಆಮೇಲೆ ಇಲ್ಲವೇ ಇಲ್ಲ. ಬಲ್ಲವರು ಮೂವರೂ ಚೆನ್ನೈ ಅಂತ ಬರೆದಿದ್ದರು. ಆರ್‌ಸಿಬಿ ಗೆದ್ದಿತು. ಇನ್ನೂ 62 ಮ್ಯಾಚ್ ಬಾಕಿ ಇರುವಾಗಲೇ ಕ್ರೀಡಾಜ್ಞಾನ ಮುಗಿಯಿತು.

ಅವತ್ತು ರಾಯರು ಎಲ್ಲರಿಗೂ ಚಹಾ ಕುಡಿಸಿದರು. ತಿಂಗಳ ನಂತರ ಅವರ ಮುಖದಲ್ಲಿ ನಗು.

ಒಂದು ಫಾರಂ ಬಗ್ಗೆ ಹೇಳಲೇಬೇಕು. ನಮ್ಮ ಬಿಲ್ಡಿಂಗ್‌ನ ಒಬ್ಬರು ಎಪ್ಪತ್ತು ಸಾಲಿನಲ್ಲೂ ಆರ್‌ಸಿಬಿ ಅಂತ ಬರೆದಿದ್ದರು. ಪಂಜಾಬ್ ಮತ್ತು ಗುಜರಾತ್ ಆಡುವ ಸಾಲಿನಲ್ಲೂ ಆರ್‌ಸಿಬಿ. ರಸೀದಿ ಕೊಡುವಾಗ ನಾನು ಕೇಳಿದೆ. "ತಂಡ ಯಾವ್ದಾದ್ರೂ ಇರ್ಲಿ, ಮನಸ್ಸು ಒಂದೇ ಇರ್ಬೇಕು" ಅಂದರು. 2008ರಿಂದ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂದವರು ಅವರು. ಹದಿನೇಳು ಸಲ ತಪ್ಪಿತ್ತು.

ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ಆರು ರನ್‌ನಿಂದ ಸೋತಿತು. ಕಪ್ ನಿಜಕ್ಕೂ ನಮ್ದೇ ಆಯಿತು.

ಆ ರಾತ್ರಿಯಿಂದ ಅವರು ಸಾಮಾನ್ಯ ಮನುಷ್ಯರಾಗಿ ಉಳಿಯಲಿಲ್ಲ. ಲಿಫ್ಟ್‌ನಲ್ಲಿ ಅವರಿಗೆ ಜಾಗ ಬಿಡುತ್ತಾರೆ. ಯಾವ ಶೇರು ಕೊಳ್ಳಲಿ ಅಂತ ಕೇಳುತ್ತಾರೆ. ಮಗಳಿಗೆ ಬಂದ ಗಂಡಿನ ಫೋಟೊ ತೋರಿಸಿದವರೂ ಇದ್ದಾರೆ. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಎಂಟಕ್ಕೆ ಎಂಟು ಸರಿ ಹೇಳಿದ ಜರ್ಮನಿಯ ಆಕ್ಟೋಪಸ್ ಪಾಲ್‌ಗೂ ಹೀಗೇ ಆಗಿತ್ತು. 2008ರ ಯೂರೋ ಕಪ್‌ನಲ್ಲಿ ಅದು ಎರಡು ಸಲ ತಪ್ಪಿತ್ತು, ಅದನ್ನು ನೆನಪಿಟ್ಟವರು ಯಾರು? ಪಾಪ, ಆಕ್ಟೋಪಸ್‌ಗೆ ಶಾಲು ಹೊದಿಸಲು ಭುಜ ಇರಲಿಲ್ಲ. ನಮ್ಮವರಿಗೆ ಇತ್ತು.

ಹೌದು, ಬಳಗದಿಂದ ಸನ್ಮಾನವೂ ಆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಕಾರ್ಯದರ್ಶಿಗಳು "ಭವಿಷ್ಯ ಭಾಸ್ಕರ" ಅಂತ ಕರೆದರು. ನಾನು ಕೂತಲ್ಲೇ ಅವರ ಫಾರಂ ತಾಳೆ ನೋಡಿದೆ. ಲೀಗ್‌ನಲ್ಲಿ ಆರ್‌ಸಿಬಿಗೆ ಇದ್ದದ್ದು 14 ಮ್ಯಾಚ್. ಗೆದ್ದದ್ದು 9. ಬೆಂಗಳೂರಿನ ಒಂದು ಮ್ಯಾಚ್ ಮಳೆಯ ಪಾಲಾಯಿತು. ಅಂದರೆ ಎಪ್ಪತ್ತಕ್ಕೆ ಒಂಬತ್ತು. 212 ಫಾರಂಗಳಲ್ಲಿ ಅತಿ ಕಡಿಮೆ ಅಂಕ ಅದೇ.

"ಮುಂದಿನ ವರ್ಷ ಯಾರು ಗೆಲ್ತಾರೆ ಸ್ವಾಮಿ?" ಅಂತ ಸಭೆಯಿಂದ ಯಾರೋ ಕೂಗಿದರು.

"ನಮ್ದೇ" ಅಂದರು. ಶೆಟ್ರು ಅದನ್ನು ಬಿಲ್ಲಿನ ಹಿಂದೆ ಬರೆದುಕೊಂಡರು.

ಸ್ಕೂಟರ್ ಏನಾಯಿತು ಅಂತ ನೀವು ಕೇಳಬಹುದು. ಅದು ಇದ್ದದ್ದು ಬ್ಯಾನರ್ ಮೇಲಿನ ಫೋಟೊದಲ್ಲಿ ಮಾತ್ರ. ಬ್ಯಾನರ್ ವ್ಯರ್ಥವಾಗಲಿಲ್ಲ. ಜೂನ್ ಮಳೆ ಹಿಡಿದ ಮೇಲೆ ರಾಯರು ಅದನ್ನು ತಮ್ಮ ಸ್ಕೂಟರ್‌ಗೆ ಹೊದಿಸಿದ್ದಾರೆ.